ಹಸುಗೂಸಿನ ನಿದ್ರೆ: ‘14ರಿಂದ 17 ಗಂಟೆ’ ಎಲ್ಲಿಂದ ಬಂತು?

ಕಳೆದ ವರ್ಷ ಮಗಳು ಬಾಣಂತನಕ್ಕೆಂದು ನಮ್ಮ ಮನೆಯಲ್ಲಿದ್ದಳು. ಹೆರಿಗೆಯಾದ ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದಗಳ ನಡುವೆ ಬಣ್ಣದ ಹಾಳೆಯೊಂದಿತ್ತು. ಯಾವ ವಯಸ್ಸಿನ ಮಗು ದಿನಕ್ಕೆ ಎಷ್ಟು ಹೊತ್ತು ನಿದ್ರಿಸಬೇಕು ಎಂಬ ಪಟ್ಟಿ ಅದು. ಮೊದಲ ಸಾಲಿನಲ್ಲಿ ‘0-3 ತಿಂಗಳು: 14ರಿಂದ 17 ಗಂಟೆ’ ಎಂದಿತ್ತು. ಮಗಳು ಅದನ್ನು ಗೋಡೆಗೆ ಅಂಟಿಸಿ, ಮಗು ಮಲಗಿದ್ದು ಎದ್ದದ್ದು ಎಲ್ಲವನ್ನೂ ಮೊಬೈಲಿನಲ್ಲಿ ದಾಖಲಿಸತೊಡಗಿದಳು. ಮೂರನೆಯ ವಾರದ ಒಂದು ಸಂಜೆ ಬಂದು, “ಅಪ್ಪ, ಇವತ್ತೂ ಹನ್ನೆರಡೂವರೆಯೇ ಆಯ್ತು. ಒಂದೂವರೆ ಗಂಟೆ ಕಡಿಮೆ. ಏನೋ ತೊಂದರೆ ಇರಬೇಕು” ಎಂದು ಕಣ್ಣೀರು ಹಾಕಿದಳು. ಮಗು ಅವಳ ತೋಳಿನಲ್ಲೇ ಕಣ್ಣರಳಿಸಿಕೊಂಡು ಟ್ಯೂಬ್‌ಲೈಟಿನ ಕಡೆ ನೋಡುತ್ತಿತ್ತು. ಹಾಲು ಚೆನ್ನಾಗಿ ಕುಡಿಯುತ್ತಿತ್ತು, ತೂಕವೂ ಏರುತ್ತಿತ್ತು. ಅಷ್ಟರಲ್ಲಿ ಹಿತೈಷಿಗಳೊಬ್ಬರು ಜಾಯಿಕಾಯಿ ತೇಯ್ದು ನೆಕ್ಕಿಸಿ ಎಂಬ ಸಲಹೆಯನ್ನೂ ಕೊಟ್ಟಾಗಿತ್ತು.

ನಾನು ವೈದ್ಯನಲ್ಲ, ಭೌತಶಾಸ್ತ್ರದ ಮೇಷ್ಟ್ರು. ಆದರೆ ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ದೋಷದ ವ್ಯಾಪ್ತಿ ನಮೂದಿಸದೆ ಬರೆದ ವಿದ್ಯಾರ್ಥಿಯ ಅಂಕ ಕಳೆಯುವವನು. ಅಂಕಿಯೊಂದು ಕಂಡರೆ ಅದನ್ನು ಯಾರು ಅಳೆದರು, ಹೇಗೆ ಅಳೆದರು, ಎಷ್ಟು ಮಂದಿಯಲ್ಲಿ ಅಳೆದರು ಎಂದು ಕೇಳುವುದು ವೃತ್ತಿಯಿಂದ ಅಂಟಿದ ಚಟ. ಗೋಡೆಯ ಮೇಲಿನ ಹಾಳೆಗೂ ಅದೇ ಪ್ರಶ್ನೆಗಳನ್ನು ಹಾಕಿದೆ. ಒಂದು ತಪ್ಪೊಪ್ಪಿಗೆಯನ್ನೂ ಇಲ್ಲೇ ಮಾಡಿಬಿಡುತ್ತೇನೆ. ಜೈವಿಕ ಗಡಿಯಾರದ ಬಗ್ಗೆ ಶಾಲೆಗಳಲ್ಲಿ ಉಪನ್ಯಾಸ ಕೊಡುವಾಗ ‘ಹುಟ್ಟಿದ ಮಗು ದಿನಕ್ಕೆ 16 ಗಂಟೆ ನಿದ್ರಿಸುತ್ತದೆ’ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಆಗ ಆಕರ ಯಾವುದೆಂದು ಯಾರೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ.

ಮೂರು ದಾಖಲೆಗಳು

ಇಂದು ಚಲಾವಣೆಯಲ್ಲಿರುವ ಪಟ್ಟಿಗಳ ಮೂಲ ಹುಡುಕಿದರೆ ಹೆಚ್ಚಾಗಿ ಸಿಗುವುದು 2015ರಲ್ಲಿ ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ ಪ್ರಕಟಿಸಿದ ಶಿಫಾರಸು. 18 ತಜ್ಞರ ಮಂಡಳಿಯೊಂದು 312 ಲೇಖನಗಳನ್ನು ಮುಂದಿಟ್ಟುಕೊಂಡು, ಪ್ರತಿ ವಯೋಮಾನಕ್ಕೂ ಎಷ್ಟು ಗಂಟೆ ಸೂಕ್ತ ಎಂದು ಮತ ಹಾಕಿ ನಿರ್ಧರಿಸಿತು. ನವಜಾತ ಶಿಶುಗಳಿಗೆ ಅದಕ್ಕೆ ಮೊದಲು ಇದ್ದ ವ್ಯಾಪ್ತಿ 12ರಿಂದ 18 ಗಂಟೆ. ಮಂಡಳಿ ಅದನ್ನು 14ರಿಂದ 17ಕ್ಕೆ ಕಿರಿದಾಗಿಸಿತು. ಜೊತೆಗೆ, 11ರಿಂದ 13 ಹಾಗೂ 18ರಿಂದ 19 ಗಂಟೆ ‘ಕೆಲವರಿಗೆ ಸರಿಯಿರಬಹುದು’ ಎಂದೂ, 11ಕ್ಕಿಂತ ಕಡಿಮೆ ಅಥವಾ 19ಕ್ಕಿಂತ ಹೆಚ್ಚು ‘ಶಿಫಾರಸಿಗೆ ಅರ್ಹವಲ್ಲ’ ಎಂದೂ ಹೇಳಿತು. ನಮ್ಮ ಗೋಡೆಗೆ ಬರುವ ಹೊತ್ತಿಗೆ ‘ಸರಿಯಿರಬಹುದು’ ಎಂಬ ಸಾಲು ಕಳಚಿಬಿದ್ದಿತ್ತು.

ಮರುವರ್ಷ, 2016ರಲ್ಲಿ, ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಎಂಬ ಇನ್ನೊಂದು ಸಂಸ್ಥೆ ಮಕ್ಕಳ ನಿದ್ರೆಗೆ ತನ್ನ ಪಟ್ಟಿ ಪ್ರಕಟಿಸಿತು. 13 ತಜ್ಞರು, 864 ಲೇಖನಗಳು. ಈ ಪಟ್ಟಿ ಶುರುವಾಗುವುದೇ 4 ತಿಂಗಳಿನಿಂದ. ಅದಕ್ಕಿಂತ ಚಿಕ್ಕ ಮಕ್ಕಳನ್ನು ಬಿಟ್ಟಿದ್ದೇಕೆ ಎಂಬುದಕ್ಕೆ ಕೊಟ್ಟ ಕಾರಣ ಸರಳ. ಆ ವಯಸ್ಸಿನಲ್ಲಿ ಆರೋಗ್ಯವಂತ ಮಕ್ಕಳ ನಿದ್ರೆಯ ಅವಧಿ ಮತ್ತು ವಿನ್ಯಾಸಗಳೆರಡೂ ಬಹಳ ವ್ಯತ್ಯಾಸವಾಗುತ್ತವೆ, ಮತ್ತು ಇಷ್ಟು ನಿದ್ರೆಯಿಂದ ಇಂಥ ಪರಿಣಾಮ ಎಂದು ಹೇಳಲು ಸಾಕಷ್ಟು ಪುರಾವೆ ಇಲ್ಲ. ಹೆಚ್ಚು ಲೇಖನ ಓದಿದ ಮಂಡಳಿ ಅಂಕಿ ಕೊಡಲು ಒಪ್ಪಲಿಲ್ಲ ಎಂಬುದನ್ನು ಗಮನಿಸಿ. ಎರಡರಲ್ಲಿ ಪ್ರಾಮಾಣಿಕವಾದದ್ದು ಯಾವುದು ಎಂದು ಕೇಳಿದರೆ ನಾನು ಅನುಮಾನವಿಲ್ಲದೆ ಎರಡನೆಯದನ್ನು ತೋರಿಸುತ್ತೇನೆ. ಆದರೆ ಖಾಲಿ ಬಿಟ್ಟ ಜಾಗವನ್ನು ಯಾರೂ ಬಣ್ಣದ ಹಾಳೆಯಲ್ಲಿ ಅಚ್ಚು ಹಾಕುವುದಿಲ್ಲವಲ್ಲ!

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ ಹಾಗೂ ನಿದ್ರೆಯ ಬಗ್ಗೆ ಮಾರ್ಗಸೂಚಿ ತಂದಿತು. ಅಲ್ಲಿಯೂ 0-3 ತಿಂಗಳಿಗೆ ಅದೇ 14ರಿಂದ 17 ಗಂಟೆ. ಆದರೆ ಅದರ ಪಕ್ಕದಲ್ಲೇ ಒಂದು ಷರಾ ಇದೆ: ಶಿಫಾರಸು ಪ್ರಬಲ, ಪುರಾವೆಯ ಗುಣಮಟ್ಟ ಅತಿ ಕಡಿಮೆ. ಈ ಎರಡು ಮಾತುಗಳು ಒಂದೇ ಸಾಲಿನಲ್ಲಿ ಹೇಗೆ ಕೂರುತ್ತವೆ ಎಂಬುದು ನನಗೆ ಇನ್ನೂ ಪೂರ್ತಿ ಅರಗಿಲ್ಲ. ಆದರೂ ಬರೆದವರು ಮುಚ್ಚಿಟ್ಟಿಲ್ಲ ಎಂಬುದನ್ನು ಒಪ್ಪಬೇಕು. ಮುಚ್ಚಿಟ್ಟವರು ನಕಲು ಮಾಡಿದವರು.

ಒಂದು ಸಣ್ಣ ಲೆಕ್ಕ

ಆರೋಗ್ಯವಂತ ಮಕ್ಕಳು ವಾಸ್ತವವಾಗಿ ಎಷ್ಟು ನಿದ್ರಿಸುತ್ತಾರೆ? ಇದಕ್ಕೆ ನನಗೆ ಸಿಕ್ಕ ಉಪಯುಕ್ತ ಆಕರವೆಂದರೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಗ್ಯಾಲಂಡ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆ. 18 ದೇಶಗಳ 34 ಅಧ್ಯಯನಗಳನ್ನು ಒಟ್ಟುಗೂಡಿಸಿದ ಈ ಸಮೀಕ್ಷೆಯ ಪ್ರಕಾರ ಮೊದಲ ಎರಡು ತಿಂಗಳಲ್ಲಿ ದಿನದ ಸರಾಸರಿ ನಿದ್ರೆ 14.6 ಗಂಟೆ, ವ್ಯಾಪ್ತಿ 9.3ರಿಂದ 20.0 ಗಂಟೆ. ಮೂರು ತಿಂಗಳ ಸುಮಾರಿಗೆ ಸರಾಸರಿ 13.6, ವ್ಯಾಪ್ತಿ 9.4ರಿಂದ 17.8.

ಎರಡನೆಯ ಸಾಲನ್ನು ಮತ್ತೊಮ್ಮೆ ಓದಿ. ಮೂರು ತಿಂಗಳ ಮಗುವಿನ ಸರಾಸರಿಯೇ ಶಿಫಾರಸಿನ ಕೆಳಮಿತಿಗಿಂತ ಕೆಳಗಿದೆ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಕಡಿಮೆ ನಿದ್ರೆ’ಯವರು!

ಮೊದಲ ಸಾಲಿನ ಮೇಲೆ ಪದವಿಪೂರ್ವ ವಿದ್ಯಾರ್ಥಿಗಳೂ ಮಾಡಬಹುದಾದ ಲೆಕ್ಕವೊಂದಿದೆ. ಈ ವ್ಯಾಪ್ತಿಯನ್ನು ಶೇಕಡ 95 ಮಕ್ಕಳನ್ನು ಒಳಗೊಳ್ಳುವ ವ್ಯಾಪ್ತಿ ಎಂದೂ, ಹಂಚಿಕೆಯನ್ನು ಗಂಟೆಯಾಕಾರದ ಪ್ರಸಾಮಾನ್ಯ ವಕ್ರರೇಖೆ ಎಂದೂ ತೆಗೆದುಕೊಳ್ಳಿ. ಆಗ ಮಾನಕ ವಿಚಲನೆ (20.0 – 9.3) ÷ 3.92, ಅಂದರೆ ಸುಮಾರು 2.7 ಗಂಟೆ. ಇನ್ನು ಕೋಷ್ಟಕ ನೋಡಿದರೆ ಆಯಿತು. 14 ಗಂಟೆಗಿಂತ ಕಡಿಮೆ ನಿದ್ರಿಸುವವರು ಶೇಕಡ 41. 17ಕ್ಕಿಂತ ಹೆಚ್ಚು ನಿದ್ರಿಸುವವರು ಶೇಕಡ 19. ‘ಸರಿಯಾದ’ ವ್ಯಾಪ್ತಿಯೊಳಗೆ ಉಳಿದವರು ಶೇಕಡ 40 ಮಾತ್ರ. 11ಕ್ಕಿಂತ ಕೆಳಗೆ ಅಥವಾ 19ಕ್ಕಿಂತ ಮೇಲೆ, ಅಂದರೆ ‘ಶಿಫಾರಸಿಗೆ ಅರ್ಹವಲ್ಲ’ ಎಂಬ ಗುಂಪಿಗೆ ಬೀಳುವವರು ಸುಮಾರು ಶೇಕಡ 14, ಏಳರಲ್ಲಿ ಒಂದು ಮಗು. ನನ್ನ ಮೊಮ್ಮಗಳ ಹನ್ನೆರಡೂವರೆ ಗಂಟೆ ಸರಾಸರಿಯಿಂದ ಒಂದು ಮಾನಕ ವಿಚಲನೆಯಷ್ಟೂ ದೂರವಿಲ್ಲ.

ಈ ಲೆಕ್ಕದ ದೌರ್ಬಲ್ಯವನ್ನೂ ಹೇಳಬೇಕು. ಹಲವು ಅಧ್ಯಯನಗಳಲ್ಲಿ ನಿದ್ರೆಯನ್ನು ಅಳೆದವರು ಅಪ್ಪ ಅಮ್ಮಂದಿರೇ. ಅವರ ನೆನಪು, ಅಂದಾಜುಗಳ ದೋಷವೂ ಆ 2.7 ಗಂಟೆಯೊಳಗೆ ಸೇರಿರುತ್ತದೆ. ಆದ್ದರಿಂದ ನಿಜವಾದ ಹರಹು ಇದಕ್ಕಿಂತ ಕಡಿಮೆ ಇರಬಹುದು. ಆದರೆ ಮನೆಯಲ್ಲಿ ಪಟ್ಟಿ ನೋಡಿಕೊಂಡು ಕೂಡಿಸುವವರೂ ಅದೇ ಅಪ್ಪ ಅಮ್ಮಂದಿರು, ಅದೇ ಅಂದಾಜಿನ ಅಳತೆ. ಹಾಗಾಗಿ ಅವರು ಗಾಬರಿಪಡುವ ಪ್ರಮಾಣಕ್ಕೆ ಈ ಲೆಕ್ಕವೇ ಹೊಂದುತ್ತದೆ.

ಎಲ್ಲ ದೇಶಕ್ಕೂ ಒಂದೇ ಅಳತೆ ಎಂಬುದೂ ಅನುಮಾನಾಸ್ಪದ. 2010ರಲ್ಲಿ ಪ್ರಕಟವಾದ, ಭಾರತವೂ ಸೇರಿದ್ದ ಒಂದು ಅಧ್ಯಯನ 17 ದೇಶ, ಪ್ರದೇಶಗಳ ಮೂರು ವರ್ಷದೊಳಗಿನ 29,287 ಮಕ್ಕಳ ಪೋಷಕರನ್ನು ಪ್ರಶ್ನಿಸಿತ್ತು. ನ್ಯೂಜಿಲೆಂಡಿನಲ್ಲಿ ಸರಾಸರಿ 13.3 ಗಂಟೆ, ಜಪಾನಿನಲ್ಲಿ 11.6. ಜಪಾನಿನ ಮಕ್ಕಳೆಲ್ಲ ನಿದ್ರೆಗೆಟ್ಟ ರೋಗಿಗಳು ಎಂದು ಯಾರೂ ವಾದಿಸಿದಂತಿಲ್ಲ.

ಒಟ್ಟು ಮೊತ್ತ ಹೇಳದ ಸಂಗತಿ

ಅಂಕಿ ಸಡಿಲವಾಗಿದೆ ಎಂಬುದಷ್ಟೇ ನನ್ನ ತಕರಾರಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನವಜಾತ ಶಿಶುವಿನ ನಿದ್ರೆಯಲ್ಲಿ ಒಟ್ಟು ಗಂಟೆಯೇ ಅತ್ಯಂತ ನೀರಸವಾದ ರಾಶಿ. ಷಿಕಾಗೊ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ನಿದ್ರಾವಿಜ್ಞಾನದ ಆದ್ಯರಲ್ಲಿ ಒಬ್ಬರು. 1938ರಲ್ಲಿ ವಿದ್ಯಾರ್ಥಿಯೊಬ್ಬನನ್ನು ಕಟ್ಟಿಕೊಂಡು, 28 ಗಂಟೆಯ ‘ದಿನ’ಕ್ಕೆ ದೇಹ ಒಗ್ಗುತ್ತದೆಯೇ ಎಂದು ನೋಡಲು ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ಒಂದು ತಿಂಗಳು ವಾಸವಿದ್ದ ಆಸಾಮಿ. 1953ರಲ್ಲಿ ಅವರು ಎಂಗೆಲ್‌ಮನ್ ಜೊತೆ 19 ಶಿಶುಗಳ ನಿದ್ರೆಯನ್ನು ಮೂರನೆಯ ವಾರದಿಂದ 26ನೆಯ ವಾರದವರೆಗೆ ದಾಖಲಿಸಿ ಪ್ರಕಟಿಸಿದರು. ಒಟ್ಟು ನಿದ್ರೆ ಸುಮಾರು 15 ಗಂಟೆಯಿಂದ ಸುಮಾರು 13 ಗಂಟೆ 30 ನಿಮಿಷಕ್ಕೆ ಇಳಿಯಿತು, ಅಷ್ಟೆ. ಆದರೆ ಅದೇ ಆರು ತಿಂಗಳಲ್ಲಿ ಹಗಲು ರಾತ್ರಿಯೆನ್ನದೆ ಚೂರು ಚೂರಾಗಿ ಹರಡಿದ್ದ ನಿದ್ರೆ ಒಟ್ಟುಗೂಡಿ ರಾತ್ರಿಯ ಕಡೆಗೆ ಸರಿದಿತ್ತು. ಬೆಳವಣಿಗೆ ನಡೆದದ್ದು ವಿನ್ಯಾಸದಲ್ಲಿ. ಪಟ್ಟಿ ಅಳೆಯುವುದು ಹೆಚ್ಚು ಬದಲಾಗದ ಮೊತ್ತವನ್ನು.

ಅವರ ಒಂದು ಚಿತ್ರ ಪ್ರಸಿದ್ಧವಾಗಿದೆ. ಒಂದೇ ಮಗುವಿನ 11ನೆಯ ದಿನದಿಂದ 182ನೆಯ ದಿನದವರೆಗಿನ ದಾಖಲೆ. ಒಂದು ದಿನಕ್ಕೆ ಒಂದು ಅಡ್ಡಸಾಲು. ನಿದ್ರೆಗೆ ಗೆರೆ, ಎಚ್ಚರಕ್ಕೆ ಖಾಲಿ ಜಾಗ, ಹಾಲೂಡಿಕೆಗೆ ಚುಕ್ಕೆ. ಹಸಿದಾಗಲಷ್ಟೇ ಹಾಲು ಕೊಟ್ಟ ಮಗು ಅದು. ಮೊದಮೊದಲ ಸಾಲುಗಳಲ್ಲಿ ಚುಕ್ಕೆಗಳು ರಾಗಿ ಚೆಲ್ಲಿದ ಹಾಗಿವೆ. ಬಳಿಕ ಓರೆಯಾದ ಪಟ್ಟೆಯೊಂದು ಮೂಡುತ್ತದೆ. ನಿದ್ರೆಯ ಹೊತ್ತು ದಿನದಿಂದ ದಿನಕ್ಕೆ ತುಸು ಮುಂದೆ ಸರಿಯುತ್ತಾ, ಮಗು ಸುಮಾರು 25 ಗಂಟೆಯ ‘ದಿನ’ವನ್ನು ಬದುಕುತ್ತಿರುವಂತೆ ಕಾಣುತ್ತದೆ. ಕೊನೆಗೆ ಪಟ್ಟೆ ನೆಟ್ಟಗಾಗುತ್ತದೆ, ಲಯ 24 ಗಂಟೆಗೆ ಬಂದು ನಿಲ್ಲುತ್ತದೆ. ಭೌತಶಾಸ್ತ್ರದವರಿಗೆ ಇದು ಹಳೆಯ ಪರಿಚಯ. ತನ್ನದೇ ಆವರ್ತಾವಧಿಯುಳ್ಳ ಆಂದೋಲಕವೊಂದು ಹೊರಗಿನ ಆವರ್ತಬಲಕ್ಕೆ ಸಿಕ್ಕಿ ಅದರೊಡನೆ ಹೆಜ್ಜೆ ಹಾಕತೊಡಗುವುದನ್ನು ನಾವು ವಿದ್ಯುನ್ಮಂಡಲಗಳಲ್ಲಿ ನೋಡಿದ್ದೇವೆ. ಇಲ್ಲಿ ಆಂದೋಲಕ ಮಿದುಳಿನ ಹೈಪೊಥಲಾಮಸ್‌ನ ಒಂದು ಪುಟ್ಟ ನರಕೋಶ ಗುಚ್ಛ. ಹೊರಗಿನ ಬಲ ಮುಖ್ಯವಾಗಿ ಹಗಲು ಕತ್ತಲೆಗಳ ಬದಲಾವಣೆ.

ಗರ್ಭದಲ್ಲಿರುವಾಗ ತಾಯಿಯ ಮೆಲಟೊನಿನ್ ಹಾರ್ಮೋನು ಮಗುವಿಗೆ ರಾತ್ರಿಯ ಸುದ್ದಿ ಮುಟ್ಟಿಸುತ್ತಿರುತ್ತದೆ. ಹುಟ್ಟಿದ ಕೂಡಲೇ ಆ ಸಂಪರ್ಕ ಕಡಿಯುತ್ತದೆ. ಪೂರ್ಣಾವಧಿಗೆ ಹುಟ್ಟಿದ ಮಗುವಿನಲ್ಲಿ ಸ್ವಂತ ಮೆಲಟೊನಿನ್‌ನ ದೈನಿಕ ಲಯ ಕಾಣಿಸಿಕೊಳ್ಳುವುದು 9ರಿಂದ 12ನೆಯ ವಾರದ ಸುಮಾರಿಗೆ. ನಡುವಿನ ಎರಡು ಮೂರು ತಿಂಗಳು ಮಗುವಿಗೆ ರಾತ್ರಿ ಎಂಬುದೇ ಇನ್ನೂ ನೆಲೆಯಾಗಿರುವುದಿಲ್ಲ. ಈ ದೃಷ್ಟಿಯಿಂದ ಹಗಲೂ ಕಿಟಕಿ ಮುಚ್ಚಿ ಕತ್ತಲು ಮಾಡುವ ನಮ್ಮ ಬಾಣಂತಿ ಕೋಣೆಯ ಪದ್ಧತಿಯನ್ನೂ ಪ್ರಶ್ನಿಸಬೇಕು. ಹಗಲು ಬೆಳಕು, ರಾತ್ರಿ ಕತ್ತಲು ಇದ್ದರಲ್ಲವೇ ಆಂದೋಲಕಕ್ಕೆ ಹಿಡಿದುಕೊಳ್ಳಲು ಏನಾದರೂ ಸಿಗುವುದು?

ಇನ್ನೊಂದು ತೊಡಕು ‘ನಿದ್ರೆ’ ಎಂಬ ಪದದ್ದೇ. ಕ್ಲೈಟ್‌ಮನ್ ತಮ್ಮ ವಿದ್ಯಾರ್ಥಿ ಅಸರಿನ್‌ಸ್ಕಿಗೆ ಮೊದಲು ಒಪ್ಪಿಸಿದ್ದು ಮಲಗಿದ ಶಿಶುಗಳ ಕಣ್ಣು ನೋಡುತ್ತಾ ಕೂರುವ ಕೆಲಸ. ಆ ದಾರಿಯೇ ಮುಂದೆ 1953ರಲ್ಲಿ ಕ್ಷಿಪ್ರ ನೇತ್ರಚಲನೆಯ ನಿದ್ರೆಯ ಶೋಧಕ್ಕೆ ಒಯ್ದಿತು. ನವಜಾತ ಶಿಶುವಿನಲ್ಲಿ ಒಟ್ಟು ನಿದ್ರೆಯ ಸುಮಾರು ಅರ್ಧದಷ್ಟು ಈ ಬಗೆಯದು, ‘ಸಕ್ರಿಯ ನಿದ್ರೆ’. ವಯಸ್ಕರಲ್ಲಿ ಇದು ಕಾಲುಭಾಗಕ್ಕಿಂತ ಕಡಿಮೆ. ಶಿಶುವಿನ ನಿದ್ರಾಚಕ್ರ 50-60 ನಿಮಿಷದ್ದು, ನಮ್ಮದು ಸುಮಾರು 90 ನಿಮಿಷದ್ದು. ಸಕ್ರಿಯ ನಿದ್ರೆಯಲ್ಲಿ ಮಗು ಮುಖ ಕಿವುಚುತ್ತದೆ, ತುಟಿ ಚಪ್ಪರಿಸುತ್ತದೆ, ಕೈಕಾಲು ಝಾಡಿಸುತ್ತದೆ, ನರಳುತ್ತದೆ, ನಗುತ್ತದೆ, ಉಸಿರಾಟ ಏರುಪೇರಾಗುತ್ತದೆ. ದೇವರು ನಗಿಸುತ್ತಿದ್ದಾನೆ ಎನ್ನುವ ಅಜ್ಜಿಯರು ಅದನ್ನು ಎತ್ತಿಕೊಳ್ಳದೆ ಬಿಡುತ್ತಿದ್ದರು. ಪಟ್ಟಿ ಹಿಡಿದ ನಾವು ಮಗು ಎದ್ದಿತೆಂದು ಎತ್ತಿಕೊಂಡು ನಿಜವಾಗಿಯೂ ಎಬ್ಬಿಸುತ್ತೇವೆ, ಆಮೇಲೆ ನಿದ್ರೆ ಸಾಲದೆಂದು ಬರೆದುಕೊಳ್ಳುತ್ತೇವೆ. ನಮ್ಮ ಮನೆಯ ಹನ್ನೆರಡೂವರೆಯಲ್ಲಿ ಇಂಥವು ಎಷ್ಟಿದ್ದವೋ.

ಹೆಚ್ಚು ನಿದ್ರೆ ಒಳ್ಳೆಯದೇ?

ಪಟ್ಟಿಯ ಹಿಂದೆ ಹೇಳದೆ ಉಳಿದ ಒಂದು ನಂಬಿಕೆಯಿದೆ: ಉದ್ದವಾದ, ಗಾಢವಾದ, ತಡೆಯಿಲ್ಲದ ನಿದ್ರೆಯೇ ಆರೋಗ್ಯದ ಗುರುತು. ಈ ನಂಬಿಕೆ ಒಮ್ಮೆ ಎಷ್ಟು ದುಬಾರಿಯಾಯಿತು ಎಂಬುದಕ್ಕೆ ಇತಿಹಾಸದಲ್ಲಿ ಲೆಕ್ಕವಿದೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕ, ಯೂರೋಪುಗಳ ಶಿಶುಪಾಲನೆಯ ಪುಸ್ತಕಗಳು ಮಗುವನ್ನು ಬೋರಲು ಮಲಗಿಸಲು ಹೇಳತೊಡಗಿದವು. ಡಾ. ಬೆಂಜಮಿನ್ ಸ್ಪಾಕ್ ಅವರ ಜಗತ್ಪ್ರಸಿದ್ಧ ಪುಸ್ತಕವೂ 1950ರ ದಶಕದಿಂದ ಇದನ್ನೇ ಹೇಳಿತು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರುಗಟ್ಟೀತು ಎಂಬುದು ಕಾರಣ. ಬೋರಲು ಮಲಗಿದ ಮಕ್ಕಳು ಹೆಚ್ಚು ಹೊತ್ತು, ಹೆಚ್ಚು ಗಾಢವಾಗಿ ನಿದ್ರಿಸುತ್ತಿದ್ದದ್ದರಿಂದ ತಂದೆತಾಯಿಗಳಿಗೂ ಸಲಹೆ ಹಿಡಿಸಿತು. ಆದರೆ ಅದೇ ಮಕ್ಕಳಲ್ಲಿ ಕಾರಣ ತಿಳಿಯದ ಹಠಾತ್ ಶಿಶು ಮರಣ ಹೆಚ್ಚಿತ್ತು. ಬೋರಲು ಮಲಗಿದ ಮಗು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ. ಉಸಿರಿಗೆ ಅಡ್ಡಿಯಾದಾಗ, ಮೈ ಕಾವೇರಿದಾಗ ತಟಕ್ಕನೆ ಎಚ್ಚರಗೊಂಡು ತಲೆ ಹೊರಳಿಸುವುದೇ ಹಸುಗೂಸಿನ ರಕ್ಷಣೆ. ನಮಗೆ ಕಾಟವೆನಿಸುವ ಅದರ ಹಗುರ ನಿದ್ರೆ ಅದಕ್ಕೆ ಕಾವಲು.

ಬ್ರಿಟನ್ನಿನಲ್ಲಿ 1991ರಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ಆರಂಭವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೋರಲು ಬೇಡವೆಂದು ಹೇಳಿದ್ದು 1992ರಲ್ಲಿ, ದೇಶವ್ಯಾಪಿ ಪ್ರಚಾರ 1994ರಲ್ಲಿ. ಎರಡೂ ದೇಶಗಳಲ್ಲಿ ಹಠಾತ್ ಶಿಶು ಮರಣದ ಪ್ರಮಾಣ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಇದಾದ ಮೇಲೆ, 2005ರಲ್ಲಿ, ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕಾಲಾನುಕ್ರಮವಾಗಿ ಒಟ್ಟುಗೂಡಿಸಿದರು. ಬೋರಲು ಅಪಾಯಕಾರಿ ಎಂಬುದಕ್ಕೆ ಪುರಾವೆ 1970ರ ಹೊತ್ತಿಗೇ ಇತ್ತು. ಆಗಲೇ ಯಾರಾದರೂ ಕೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯ ವಲಯದಲ್ಲಿ ಕನಿಷ್ಠ 50,000 ಶಿಶುಗಳ ಸಾವು ತಪ್ಪಿಸಬಹುದಿತ್ತು ಎಂಬುದು ಅವರ ಅಂದಾಜು. ಗೋಡೆಯ ಪಟ್ಟಿಯನ್ನು 1960ರ ದಶಕದ ಆ ಮನೆಗಳಿಗೆ ಒಯ್ದಿದ್ದರೆ ಬೋರಲು ಮಲಗಿದ ಮಗುವಿಗೇ ಹೆಚ್ಚು ಅಂಕ ಬರುತ್ತಿತ್ತು.

ಮಗುವನ್ನು ಅಂಗಾತ ಮಲಗಿಸುವ ನಮ್ಮ ರೂಢಿ ಈ ವಿಷಯದಲ್ಲಿ ಸರಿಯಾಗಿತ್ತು. ಆದರೆ ಬೀಗಲು ಕಾರಣವಿಲ್ಲ. ತಲೆ ಗುಂಡಗಾಗಲೆಂದು ಇಡುವ ದಿಂಬು, ಮುಖದವರೆಗೆ ಹೊದಿಸುವ ಕಂಬಳಿ, ಕೋಣೆಯ ತುಂಬ ಸಾಂಬ್ರಾಣಿ ಹೊಗೆ ಇವೆಲ್ಲ ಮಗುವಿನ ಉಸಿರಿಗೆ ಒಳ್ಳೆಯವಲ್ಲ. ಜಾಯಿಕಾಯಿಯಂತೂ ನರಮಂಡಲದ ಮೇಲೆ ಕೆಲಸ ಮಾಡುವ ರಾಸಾಯನಿಕಗಳುಳ್ಳ ಬೀಜ. ಪ್ರಮಾಣ ಮೀರಿದರೆ ವಿಷ. ಎಷ್ಟು ತೇಯ್ದರೆ ಎಷ್ಟು ಪ್ರಮಾಣ ಎಂದು ಯಾವ ಅಜ್ಜಿಗೂ ಗೊತ್ತಿರುವುದಿಲ್ಲ. ಎಚ್ಚರವೇ ಕಾವಲಾಗಿರುವ ಜೀವಕ್ಕೆ ಮಂಪರು ತರಿಸುವುದು ಎಂದರೇನು ಎಂಬುದನ್ನು ಮೇಲಿನ ಕಥೆಯೊಂದಿಗೆ ಸೇರಿಸಿ ಯೋಚಿಸಬೇಕು.

ನೋಡಬೇಕಾದ್ದನ್ನು ನೋಡುವವರು

ಪಟ್ಟಿಯ ಅತಿ ದೊಡ್ಡ ದೋಷ ಇನ್ನೂ ಉಳಿದಿದೆ. ಸೋಂಕು ತಗುಲಿದ ಅಥವಾ ಕಾಮಾಲೆ ತೀವ್ರವಾದ ಹಸುಗೂಸು ಮಂಕಾಗಿ ಮಲಗಿಯೇ ಇರುತ್ತದೆ, ಹಾಲಿಗೂ ಏಳುವುದಿಲ್ಲ. ಅದರ ಮೊತ್ತ 17 ಗಂಟೆ ಬಂದರೆ ಪಟ್ಟಿಯ ಪ್ರಕಾರ ಅದು ಉತ್ತೀರ್ಣ. ಎಚ್ಚರವಾಗಿದ್ದು ಹಾಲು ಕುಡಿದು ಬೆಳೆಯುತ್ತಿರುವ ಹನ್ನೆರಡೂವರೆ ಗಂಟೆಯ ಮಗು ಅನುತ್ತೀರ್ಣ. ಆರೋಗ್ಯವಂತರನ್ನು ರೋಗಿಗಳೆಂದೂ ರೋಗಿಗಳನ್ನು ಆರೋಗ್ಯವಂತರೆಂದೂ ತೋರಿಸುವ ಉಪಕರಣವನ್ನು ನಾವು ಪ್ರಯೋಗಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಮನೆಯಲ್ಲಿ ನೋಡಬಹುದಾದ, ಪರೀಕ್ಷೆಗೆ ಒಳಪಟ್ಟ ಗುರುತುಗಳು ಇಲ್ಲವೇ? ಇವೆ, ಅವೂ ನಮ್ಮ ಪಕ್ಕದ ರಾಜ್ಯದಲ್ಲೇ ರೂಪುಗೊಂಡವು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ತಂಡ ಹಳ್ಳಿಯ ಮಹಿಳೆಯರಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಪ್ರಯೋಗ ನಡೆಸಿತು. 39 ಹಳ್ಳಿಗಳಲ್ಲಿ ಆರೈಕೆ, ಹೋಲಿಕೆಗೆ 47 ಹಳ್ಳಿಗಳು. ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶು ಮರಣ ಶೇಕಡ 62ರಷ್ಟು ಇಳಿದಿತ್ತು ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೂ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆ ಭೇಟಿ ಕೊಡುತ್ತಾರೆ. ನಮ್ಮ ಮನೆಗೆ ಬಂದಾಕೆ ತೂಕ ನೋಡಿದರು, ಉಷ್ಣಾಂಶ ಅಳೆದರು, ಉಸಿರು ಎಣಿಸಿದರು. ಹಾಲು ಕುಡಿಯುವುದು ಕಡಿಮೆಯಾಗಿದೆಯೇ, ಅಳು ಕ್ಷೀಣವಾಗಿದೆಯೇ, ಕೈಕಾಲು ಜೋಲುತ್ತಿವೆಯೇ, ಮೈ ತಣ್ಣಗಿದೆಯೇ, ಎದೆ ಒಳಸೇದುತ್ತಿದೆಯೇ ಎಂದು ವಿಚಾರಿಸಿದರು. ಎಷ್ಟು ಗಂಟೆ ಮಲಗಿತು ಎಂದು ಕೇಳಲೇ ಇಲ್ಲ. ಮಗಳು ತಾನಾಗಿಯೇ ಹನ್ನೆರಡೂವರೆಯ ವಿಷಯ ಎತ್ತಿದಾಗ, “ಹಾಲಿಗೆ ಎದ್ದೇಳ್ತದಲ್ಲಮ್ಮ, ಮತ್ತೇನು?” ಎಂದು ಚೀಟಿ ತುಂಬುತ್ತಾ ಕೂತರು.

ಅಧ್ಯಾಪಕ ಮಿತ್ರರಿಗೆ ಒಂದು ಚಟುವಟಿಕೆ ಸೂಚಿಸಬಹುದು. ವಿದ್ಯಾರ್ಥಿಗಳ ಪೈಕಿ ಯಾರ ಮನೆಯಲ್ಲಾದರೂ ಹಸುಗೂಸಿದ್ದರೆ, ತಾಯಿಯ ಒಪ್ಪಿಗೆ ಪಡೆದು, ಗ್ರಾಫ್ ಹಾಳೆಯಲ್ಲಿ ದಿನಕ್ಕೊಂದು ಸಾಲಿನಂತೆ ಕ್ಲೈಟ್‌ಮನ್ ಮಾದರಿಯ ಚಿತ್ರ ಬರೆಯಲಿ. ಒಂದು ಚೌಕ ಅರ್ಧ ಗಂಟೆ. ಒಟ್ಟು ಮೊತ್ತ ಕೂಡಿಸುವುದು ಬೇಡ. ಮೂರು ತಿಂಗಳು ತಾಳ್ಮೆ ಇದ್ದರೆ ಲಯವೊಂದು ಹುಟ್ಟುವುದನ್ನು ಕಣ್ಣಾರೆ ಕಾಣಬಹುದು.

ಮಗಳ ಮೊಬೈಲಿನ ದಾಖಲೆಯನ್ನು ನಾನು ಹಾಗೆಯೇ ಹಾಳೆಗೆ ಇಳಿಸಿದೆ. ಹತ್ತನೆಯ ವಾರದ ನಂತರ ಗೆರೆಗಳು ರಾತ್ರಿಯ ಕಡೆ ದಟ್ಟವಾಗತೊಡಗಿದವು. ಒಟ್ಟು ಗಂಟೆ ಮಾತ್ರ ಹದಿಮೂರರ ಆಸುಪಾಸಿನಲ್ಲೇ ಉಳಿಯಿತು. ಗೋಡೆಯ ಮೇಲಿನ ಪಟ್ಟಿಯನ್ನು ಅಷ್ಟರೊಳಗೆ ಮಗಳೇ ಕಿತ್ತಿದ್ದಳು. ಅದರ ಖಾಲಿ ಬೆನ್ನಿನಲ್ಲಿ 6, 10, 14ನೆಯ ವಾರದ ಲಸಿಕೆಯ ತಾರೀಖುಗಳನ್ನು ಬರೆದು ತಿರುಗಿಸಿ ಅಂಟಿಸಿದಳು.